ಗ್ಯಾಲರಿಗೆ ಆಡಿದವರು: ಹಾರ್ಲೆಮ್‌ನ ಅಪೊಲೊ ಥಿಯೇಟರಿನ ಚರಿತ್ರೆ

1

ನಮ್ಮ ನಾಟಕ ವಿಮರ್ಶೆಯಲ್ಲಿ ಒಂದು ಸಭ್ಯ ಬೈಗುಳ ಇದೆ. ನಟನೊಬ್ಬ ಜೋರಾಗಿ ಮಾತಾಡಿದ, ಹಿಂದಿನ ಸಾಲಿನವರು ಸಿಳ್ಳೆ ಹೊಡೆದರು ಅನ್ನಿ, 'ಗ್ಯಾಲರಿಗೆ ಆಡಿದ' ಎಂದು ಒಂದು ಸಾಲು ಬರೆದರೆ ಮುಗಿಯಿತು. ನಟನ ಕಥೆಯೂ ಮುಗಿಯಿತು, ಸಿಳ್ಳೆ ಹೊಡೆದವರ ಕಥೆಯೂ ಮುಗಿಯಿತು. ಇಂಥ ಸಾಲು ಓದಿದಾಗಲೆಲ್ಲ ನನಗೆ ಹುಟ್ಟುವ ಅನುಮಾನ ಒಂದೇ: ಆ ಗ್ಯಾಲರಿಯಲ್ಲಿ ಕೂತಿದ್ದವರು ಯಾರು? ಅವರಿಗೆ ನಾಟಕ ಅರ್ಥವಾಗುವುದಿಲ್ಲ ಎಂದು ತೀರ್ಮಾನ ಕೊಟ್ಟವರು ಯಾರು?

ನಮ್ಮೂರ ಬಯಲಿಗೆ ಕಂಪನಿ ನಾಟಕ ಬಂದಾಗ ಸುತ್ತಲ ಹಳ್ಳಿಗಳಿಗೆ ತಮಟೆ ಬಡಿದು ಸಾರಿ ಬರುತ್ತಿದ್ದವನು ನಮ್ಮ ತಾತ. ಹಗಲೆಲ್ಲ ಜನರನ್ನು ಕರೆದವನಿಗೆ ರಾತ್ರಿ ಟೆಂಟಿನೊಳಗೆ ಜಾಗವಿಲ್ಲ. ಹಗ್ಗ ಕಟ್ಟಿದ ಗೂಟದ ಆಚೆ ನಿಂತು, ಬಟ್ಟೆ ಹರಿದ ಸಂದಿಗೆ ಕಣ್ಣಿಟ್ಟು ನೋಡಬೇಕು. ಬೆಳಗಾದ ಮೇಲೆ ಕೇರಿಯ ಜಗುಲಿಯಲ್ಲಿ ಕೂತು, ಯಾವ ಪಾತ್ರಧಾರಿ ಎಲ್ಲಿ ಶ್ರುತಿ ಬಿಟ್ಟ, ಭೀಮನ ಪಾರ್ಟಿನವನಿಗೆ ಗದೆ ಎತ್ತುವ ಹದ ಯಾಕೆ ಬರಲಿಲ್ಲ, ಹಾರ್ಮೋನಿಯಂ ಮೇಷ್ಟ್ರು ಎಲ್ಲಿ ಅವಸರ ಮಾಡಿದರು ಅಂತ ಎಳೆ ಎಳೆಯಾಗಿ ಬಿಡಿಸೋನು. ಕೇರಿ ಕೂತು ಕೇಳೋದು. ತಮಟೆಯ ಲಯ ಗೊತ್ತಿದ್ದವನಿಗೆ ನಾಟಕದ ಲಯ ತಪ್ಪಿದ್ದು ಗೊತ್ತಾಗದೆ ಇರುತ್ತದೆಯೆ? ಆದರೆ ಅದನ್ನು ಯಾರೂ ವಿಮರ್ಶೆ ಅನ್ನಲಿಲ್ಲ. ಹಗ್ಗದ ಆಚೆ ನಿಂತವನ ಮಾತು ಹಗ್ಗದ ಈಚೆಗೆ ಬರಲೇ ಇಲ್ಲ.

'ದಲಿತ ವಿಮರ್ಶೆ' ಎಂಬ ಮಾತನ್ನು ಹಿಡಿದು ಬರೆಯಲು ಕೂತಾಗ ನೆನಪಾದದ್ದು ಈ ತಾತ. ಅವನ ಜೊತೆಗೆ, ಅವನು ಹೆಸರೇ ಕೇಳದ ಒಂದು ಥಿಯೇಟರು: ನ್ಯೂಯಾರ್ಕ್ ನಗರದಲ್ಲಿ, ಕಪ್ಪು ಜನರ ನೆಲೆಯಾದ ಹಾರ್ಲೆಮ್‌ನ 125ನೇ ಬೀದಿಯಲ್ಲಿರುವ ಅಪೊಲೊ. ನಾನು ಹಾಸ್ಟೆಲಿನಲ್ಲಿದ್ದಾಗ ಗೆಳೆಯನೊಬ್ಬ ಬೊಂಬಾಯಿಯಿಂದ ಒಂದು ಕ್ಯಾಸೆಟ್ಟು ತಂದಿದ್ದ. ಜೇಮ್ಸ್ ಬ್ರೌನ್ ಎಂಬ ಗಾಯಕ ಅಪೊಲೊದಲ್ಲಿ ಹಾಡಿದ್ದನ್ನು ಜನರ ಎದುರೇ ಮುದ್ರಿಸಿಕೊಂಡದ್ದು. ನನ್ನ ಇಂಗ್ಲಿಷು ಆಗ ಅಷ್ಟಕ್ಕಷ್ಟೇ, ಹಾಡಿನ ಮಾತು ಅರ್ಧ ತಿಳಿಯಲಿಲ್ಲ. ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಹಾಡಿಗಿಂತ ಹೆಚ್ಚಾಗಿ ಅದರ ನಡುವೆ ನುಗ್ಗಿ ಬರುವ ಜನರ ಕೂಗು. ಅವನು ಒಂದು ಸ್ವರ ಎಳೆದರೆ ಕತ್ತಲಿನಿಂದ ಯಾವಳೋ ಹೆಣ್ಣುಮಗಳು ಕಿರುಚುತ್ತಾಳೆ. ಅವನು ತಡೆದು ಕಾಯುತ್ತಾನೆ. ಇನ್ನೊಬ್ಬರು ಕೂಗುತ್ತಾರೆ. ಆ ಕೂಗು ಬಿದ್ದ ಮೇಲೆಯೇ ಮುಂದಿನ ಸಾಲು. ಹಾಡುತ್ತಿರುವುದು ಅವನೋ ಅವರೋ ಹೇಳಲಾಗುವುದಿಲ್ಲ. ಗ್ಯಾಲರಿಗೆ ಆಡುವುದು ಎಂದರೆ ಇದೇ ಆದರೆ, ಅದು ಬೈಗುಳವಾದದ್ದು ಹೇಗೆ?

2

ಮೊದಲು ಬಾಗಿಲಿನ ಮಾತು.

1913ರ ಜುಲೈನಲ್ಲಿ ಇಪ್ಪತ್ತೆರಡು ವರ್ಷದ ಅಂಬೇಡ್ಕರ್ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿಗೆ ಬಂದಿಳಿದರು. ಅವರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇರುವುದು ಒಂದು ದಿಬ್ಬದ ಮೇಲೆ, 116ನೇ ಬೀದಿಯಲ್ಲಿ. ದಿಬ್ಬ ಇಳಿದರೆ ಹಾರ್ಲೆಮ್. ಅದೇ 1913-14ರಲ್ಲಿ ದಿಬ್ಬದ ಕೆಳಗಿನ 125ನೇ ಬೀದಿಯಲ್ಲಿ, ಜಾರ್ಜ್ ಕೀಸ್ಟರ್ ಎಂಬ ವಾಸ್ತುಶಿಲ್ಪಿಯ ನಕ್ಷೆಯ ಪ್ರಕಾರ, ಸುಮಾರು 1,500 ಜನ ಕೂರುವ ಒಂದು ಥಿಯೇಟರು ಎದ್ದಿತು. ಅದನ್ನು ಗುತ್ತಿಗೆ ಹಿಡಿದವರು ಹರ್ಟಿಗ್ ಮತ್ತು ಸೀಮನ್ ಎಂಬ ಇಬ್ಬರು. ಅಲ್ಲಿ ನಡೆಯುತ್ತಿದ್ದುದು ಬರ್ಲೆಸ್ಕ್. ಹಾಸ್ಯ, ಕುಣಿತ, ಅರೆಬತ್ತಲೆ ಹೆಂಗಸರ ಮೆರವಣಿಗೆ ಎಲ್ಲ ಕಲಸಿದ ಅಗ್ಗದ ಮನರಂಜನೆ. ಅಷ್ಟು ಅಗ್ಗದ್ದಕ್ಕೂ ಒಂದು ಮಡಿ ಇತ್ತು. ಕಪ್ಪು ಜನಕ್ಕೆ ಒಳಗೆ ಪ್ರವೇಶವಿರಲಿಲ್ಲ.

ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1916ರ ಮೇ ತಿಂಗಳಲ್ಲಿ ದಿಬ್ಬದ ಮೇಲೆ ಅಂಬೇಡ್ಕರ್ ಭಾರತದ ಜಾತಿಗಳನ್ನು ಕುರಿತ ತಮ್ಮ ಪ್ರಬಂಧ ಓದಿದರು. ವರ್ಗವೊಂದು ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡಾಗ ಜಾತಿಯಾಗುತ್ತದೆ, ಒಬ್ಬರು ಮುಚ್ಚಿಕೊಂಡರೆ ಉಳಿದವರು ಹೊರಗುಳಿಯುತ್ತಾರೆ ಎಂಬುದು ಅಲ್ಲಿನ ವಾದದ ತಿರುಳು. ಅವರು ಹಾಗೆ ಓದುತ್ತಿದ್ದಾಗ ನಡೆದು ಹೋಗುವಷ್ಟು ದೂರದಲ್ಲಿ ಒಂದು ಬಾಗಿಲು ಬಣ್ಣ ನೋಡಿ ಮುಚ್ಚಿಕೊಳ್ಳುತ್ತಿತ್ತು. ಮುಂದೆ 1946ರಲ್ಲಿ ಅಂಬೇಡ್ಕರ್ ಕಪ್ಪು ಜನರ ದೊಡ್ಡ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಬಗ್ಗೆ ವಿಚಾರಿಸಿದರು. 1972ರಲ್ಲಿ ಬೊಂಬಾಯಿಯ ದಲಿತ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿನಿಂದ ತಮ್ಮ ಸಂಘಟನೆಗೆ ಹೆಸರು ತಗೊಂಡರು. ಹೀಗಾಗಿ ಹಾರ್ಲೆಮ್‌ನ ಕಥೆ ಹೇಳುವಾಗ ನಾನೇನೂ ಬೇರೆ ಊರಿನ ಕಥೆ ಹೇಳುತ್ತಿದ್ದೇನೆ ಅನ್ನಿಸುವುದಿಲ್ಲ.

ಆ ಕಾಲದಲ್ಲೇ ದಕ್ಷಿಣದ ಹತ್ತಿ ಹೊಲಗಳ ಹಿಂಸೆ ತಾಳಲಾರದೆ ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಿಗೆ ಗುಳೆ ಬಂದರು. 1920ರ ದಶಕದ ಹೊತ್ತಿಗೆ ಹಾರ್ಲೆಮ್ ಕಪ್ಪು ಜನರ ಸಾಂಸ್ಕೃತಿಕ ರಾಜಧಾನಿ. ಕವಿಗಳು ಬಂದರು, ಚಿತ್ರಕಾರರು ಬಂದರು, ಜಾಜ್ ಬಂತು. ಆದರೆ ಮುಖ್ಯ ವ್ಯಾಪಾರದ 125ನೇ ಬೀದಿ ಮಾತ್ರ ಬಿಳಿಯರ ಹಿಡಿತದಲ್ಲೇ ಉಳಿಯಿತು. 142ನೇ ಬೀದಿಯ 'ಕಾಟನ್ ಕ್ಲಬ್' ಇನ್ನೂ ವಿಚಿತ್ರ. ಅಲ್ಲಿ ವೇದಿಕೆಯ ಮೇಲಿದ್ದವರೆಲ್ಲ ಕಪ್ಪು ಜನ, ಮಹಾ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ 1927ರಿಂದ ವಾದ್ಯಗೋಷ್ಠಿ ನಡೆಸಿದ್ದು ಅಲ್ಲೇ. ಆದರೆ ಕುರ್ಚಿಯಲ್ಲಿ ಕೂರುವವರು ಬಿಳಿಯರೇ ಆಗಿರಬೇಕು. ಕುಣಿಯುವ ಹುಡುಗಿಯರೂ ತಿಳಿ ಬಣ್ಣದವರಾಗಿರಬೇಕು. ಕಲೆ ಬೇಕು, ಕಲಾವಿದನ ಅಣ್ಣ ತಮ್ಮಂದಿರು ಬೇಡ. ದೇವರ ಮೆರವಣಿಗೆಗೆ ತಮಟೆ ಬೇಕು, ಬಡಿಯುವವನು ಮಾತ್ರ ಗುಡಿಯ ಮೆಟ್ಟಿಲಾಚೆ ನಿಲ್ಲಬೇಕು ಎನ್ನುವವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

3

ಅಪೊಲೊದ ಬಾಗಿಲು ತೆರೆದದ್ದು ಯಾರದೋ ಮನಸ್ಸು ಕರಗಿ ಅಲ್ಲ. ಸುತ್ತಲಿನ ಜನವೆಲ್ಲ ಕಪ್ಪು ಜನವಾಗಿದ್ದರು. ಆರ್ಥಿಕ ಮುಗ್ಗಟ್ಟು ಬಂದಿತ್ತು. ಲಾ ಗಾರ್ಡಿಯಾ ಎಂಬ ರಾಜಕಾರಣಿ ಬರ್ಲೆಸ್ಕ್ ವಿರುದ್ಧ ಸಮರ ಸಾರಿ ನಗರದ ಮೇಯರ್ ಆಗಿದ್ದರು. ಹಳೆ ವ್ಯಾಪಾರ ನಡೆಯುವಂತಿರಲಿಲ್ಲ. ಸಿಡ್ನಿ ಕೊಹೆನ್ ಎಂಬ ಮಾಲೀಕ ಥಿಯೇಟರನ್ನು ಕೊಂಡು, ಜೀರ್ಣೋದ್ಧಾರ ಮಾಡಿಸಿ, 1934ರ ಜನವರಿ 26ರಂದು ಅಪೊಲೊ ಎಂಬ ಹೆಸರಲ್ಲಿ ಕಪ್ಪು ಜನಕ್ಕಾಗಿಯೇ ತೆರೆದ. ಬೆನ್ನಿ ಕಾರ್ಟರ್ ವಾದ್ಯವೃಂದ, ರಾಲ್ಫ್ ಕೂಪರ್ ನಿರೂಪಣೆ. ಅದೇ 1934ರ ಬೇಸಗೆಯಲ್ಲಿ ಅದೇ ಬೀದಿಯ ಬ್ಲಮ್‌ಸ್ಟೈನ್ ಬಟ್ಟೆ ಅಂಗಡಿಯ ಮುಂದೆ ಜನ ಸಾಲುಗಟ್ಟಿ ನಿಂತರು. ನಮ್ಮ ದುಡ್ಡು ಬೇಕು, ಕೆಲಸಕ್ಕೆ ನಾವು ಬೇಡವೇ ಎಂದು ಕೇಳಿ ಬಹಿಷ್ಕಾರ ಹಾಕಿದರು. ಜುಲೈ ಕೊನೆಗೆ ಅಂಗಡಿ ಮಣಿದು ಕಪ್ಪು ಹುಡುಗಿಯರನ್ನು ಮಾರಾಟದ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿತು. ಥಿಯೇಟರಿನ ಬಾಗಿಲು, ಅಂಗಡಿಯ ಬಾಗಿಲು ಒಂದೇ ವರ್ಷ ತೆರೆದವು. ಇದನ್ನು ಬರೀ ರಂಗಭೂಮಿಯ ಚರಿತ್ರೆಯಾಗಿ ಓದುವವರು ಅರ್ಧ ಓದುತ್ತಾರೆ.

ಒಳಗೆ ಬಂದ ಜನ ಏನು ಮಾಡಿದರು ಅನ್ನುವುದು ನನಗೆ ಮುಖ್ಯ. ಬುಧವಾರ ರಾತ್ರಿ 'ಅಮೆಚೂರ್ ನೈಟ್', ಅಂದರೆ ಹವ್ಯಾಸಿಗಳ ರಾತ್ರಿ. ಯಾರು ಬೇಕಾದರೂ ಬಂದು ಹಾಡಬಹುದು, ಕುಣಿಯಬಹುದು, ನಗಿಸಬಹುದು. ತೀರ್ಪು ಕೊಡುವವರು ಪಂಡಿತರಲ್ಲ, ಪತ್ರಿಕೆಯವರಲ್ಲ, ಟಿಕೀಟು ತಗೊಂಡು ಕೂತ ಜನ. ಅದರಲ್ಲೂ ಮೇಲಿನ ಅಟ್ಟದ ಅಗ್ಗದ ಸೀಟಿನವರು. ಆ ಅಟ್ಟಕ್ಕೆ ಹದ್ದುಗಳ ಗೂಡು ಎಂಬ ಅಡ್ಡಹೆಸರೇ ಇತ್ತು. ಹಾಡು ಹಿಡಿಸದಿದ್ದರೆ ಅಲ್ಲಿಂದ ಕೂಗು ಏಳುತ್ತಿತ್ತು. ಕೂಗು ಎದ್ದರೆ ಸೈರನ್ ಮೊಳಗುತ್ತಿತ್ತು, ವಿಚಿತ್ರ ವೇಷದ ಒಬ್ಬ ಓಡಿ ಬಂದು ಹಾಡುವವನನ್ನು ಓಡಿಸುತ್ತಿದ್ದ. ಮುಂದೆ ಈ ಕೆಲಸವನ್ನು ದಶಕಗಳ ಕಾಲ ಮಾಡಿದವನು 'ಸ್ಯಾಂಡ್‌ಮನ್' ಸಿಮ್ಸ್. ಅವನು ಸ್ವತಃ ದೊಡ್ಡ ಟ್ಯಾಪ್ ನರ್ತಕ, ಪೊರಕೆ ಹಿಡಿದು ಕುಣಿಯುತ್ತ ಬಂದು ಸೋತವರನ್ನು ಗುಡಿಸಿಬಿಡುತ್ತಿದ್ದ.

ವೇದಿಕೆಯ ಬದಿಯಲ್ಲಿ ಒಂದು ಮರದ ತುಂಡು. ಅದಕ್ಕೂ ಕಥೆ ಇದೆ. ಏಳನೇ ಅವೆನ್ಯೂದಲ್ಲಿ ಲಫಾಯೆಟ್ ಎಂಬ ಇನ್ನೊಂದು ಥಿಯೇಟರಿನ ಹೊರಗೆ ಒಂದು ಮರ ಇತ್ತು. ಕೆಲಸವಿಲ್ಲದ ಕಲಾವಿದರು ಅದರ ನೆರಳಲ್ಲಿ ನಿಂತು ಅವಕಾಶ ಕಾಯುವವರು, ಮುಟ್ಟಿದರೆ ಒಳ್ಳೆಯದಾಗುತ್ತದೆ ಎಂದು ನಂಬಿದವರು. 'ಭರವಸೆಯ ಮರ' ಎಂದೇ ಅದಕ್ಕೆ ಹೆಸರು. 1934ರಲ್ಲಿ ರಸ್ತೆ ಅಗಲ ಮಾಡಲು ಅದನ್ನು ಕಡಿದಾಗ ರಾಲ್ಫ್ ಕೂಪರ್ ಅದರ ಒಂದು ತುಂಡನ್ನು ತಂದು ಅಪೊಲೊ ವೇದಿಕೆಯಲ್ಲಿ ನಿಲ್ಲಿಸಿದ. ಅಂದಿನಿಂದ ಹಾಡಲು ಬರುವ ಪ್ರತಿಯೊಬ್ಬರೂ ಆ ಬೊಡ್ಡೆ ಮುಟ್ಟಿಯೇ ಮುಂದಕ್ಕೆ ಹೋಗುತ್ತಾರೆ. ಯಾರು ಮುಟ್ಟಿದರೂ ಮೈಲಿಗೆಯಾಗದ ಒಂದು ದೈವ ಅದು ಅಂತ ನನಗೆ ಅನ್ನಿಸಿದೆ.

1934ರ ನವೆಂಬರ್ 21ರ ರಾತ್ರಿ ಅದನ್ನು ಮುಟ್ಟಿದವಳು ಹದಿನೇಳು ವರ್ಷದ ಎಲ್ಲಾ ಫಿಟ್ಜ್‌ಜೆರಾಲ್ಡ್. ತಾಯಿ ಸತ್ತಿದ್ದಳು. ಸರ್ಕಾರದ ಸುಧಾರಣಾ ಶಾಲೆಯೊಂದರಿಂದ ತಪ್ಪಿಸಿಕೊಂಡು ಬಂದು ಬೀದಿಯಲ್ಲಿ ಬದುಕುತ್ತಿದ್ದಳು. ಆ ಶಾಲೆಯಲ್ಲಿ ಕಪ್ಪು ಹುಡುಗಿಯರಿಗೆ ಬೇರೆ ಮನೆ, ಹಾಡುವ ತಂಡದಲ್ಲಿ ಬಿಳಿ ಹುಡುಗಿಯರು ಮಾತ್ರ. ಮುಂದೆ ಜಗತ್ತು ಯಾರ ಕಂಠಕ್ಕೆ ಎದ್ದು ನಿಂತಿತೋ ಅವಳಿಗೆ ಶಾಲೆಯ ತಂಡದಲ್ಲಿ ಜಾಗವಿರಲಿಲ್ಲ! ಅಪೊಲೊಗೆ ಅವಳು ಬಂದದ್ದು ಕುಣಿಯಲು. ತನಗಿಂತ ಮುಂಚೆ ಎಡ್ವರ್ಡ್ಸ್ ಸಹೋದರಿಯರು ಕುಣಿದದ್ದು ನೋಡಿ ಧೈರ್ಯ ಸೋತು, ವೇದಿಕೆಗೆ ಬಂದ ಮೇಲೆ ಹಾಡುತ್ತೇನೆ ಅಂದಳು. ಅವಳ ಹರಕು ಬಟ್ಟೆ, ಕಾಲಲ್ಲಿ ಗಂಡಸರ ಬೂಟು ಕಂಡು ಜನ ಗೇಲಿ ಮಾಡಿದರು ಎಂದು ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ಹಾಡು ಶುರುವಾದ ಮೇಲೆ ಗೇಲಿ ನಿಂತಿತು. ಮೊದಲ ಬಹುಮಾನ 25 ಡಾಲರು ಬಂತು.

1942ರಲ್ಲಿ ಸಾರಾ ವಾನ್ ಇದೇ ಸ್ಪರ್ಧೆ ಗೆದ್ದಳು. ಜಿಮಿ ಹೆಂಡ್ರಿಕ್ಸ್ 1964ರಲ್ಲಿ, ಜಾಕ್ಸನ್ ಸಹೋದರರು 1967ರಲ್ಲಿ. ಯಾವ ಅಕಾಡೆಮಿ, ಯಾವ ಪ್ರಶಸ್ತಿ ಸಮಿತಿ ಇಷ್ಟು ಕರಾರುವಾಕ್ಕಾಗಿ ಆರಿಸಿದೆ ಹೇಳಿ? ಹದ್ದುಗಳ ಗೂಡಿನ ಜನ ಗೂಡ್ಸು ಇಳಿಸುವವರು, ಅಡುಗೆ ಕೆಲಸದವರು, ಬಟ್ಟೆ ಒಗೆಯುವವರು. ಆದರೆ ಚರ್ಚಿನ ಹಾಡು, ಹೊಲದ ಹಾಡು, ಬೀದಿಯ ಮಾತು ಎಲ್ಲವೂ ಅವರ ಮೈಯಲ್ಲಿತ್ತು. ತಮ್ಮದನ್ನು ತಮಗೇ ಸುಳ್ಳಾಗಿ ಮಾರಲು ಬಂದವನನ್ನು ಅವರು ಒಂದು ಸ್ವರದಲ್ಲೇ ಹಿಡಿಯುತ್ತಿದ್ದರು. ಮೀಮಾಂಸೆ ಅನ್ನುವುದು ಪುಸ್ತಕದಲ್ಲಿ ಹುಟ್ಟುತ್ತದೆ ಅನ್ನುವವರು ಇದನ್ನು ಗಮನಿಸಬೇಕು.

4

ಆದರೆ ಇಲ್ಲಿ ನಾನು ಎಚ್ಚರ ತಪ್ಪಬಾರದು. ನಮ್ಮವರು ಮಾಡಿದ್ದೆಲ್ಲ ಸರಿ ಎಂದು ಹೇಳುವುದು ದಲಿತ ವಿಮರ್ಶೆಯಲ್ಲ, ಅದು ಇನ್ನೊಂದು ಬಗೆಯ ಭಜನೆ. ಎಲ್ಲಾಳ ಬೂಟು ನೋಡಿ ನಕ್ಕದ್ದೂ ಇದೇ ಗ್ಯಾಲರಿ. ಬಡವರು ತಮಗಿಂತ ಬಡವಳನ್ನು ನೋಡಿ ನಗುವುದು ನಮ್ಮ ಕೇರಿಗಳಲ್ಲೂ ಇದೆ. ಗೆದ್ದವರಿಗೆ ಒಂದು ವಾರ ಅಪೊಲೊದಲ್ಲಿ ಹಾಡುವ ಅವಕಾಶ ಸಿಗಬೇಕಿತ್ತು. ಎಲ್ಲಾಳಿಗೆ ಅದನ್ನು ಕೊಡಲಿಲ್ಲ, ಅವಳ ಅವತಾರ ಅದಕ್ಕೆ ಕಾರಣ ಎಂದು ಹೇಳುತ್ತಾರೆ. ಬ್ಲಮ್‌ಸ್ಟೈನ್ ಅಂಗಡಿ ಕೆಲಸಕ್ಕೆ ತೆಗೆದುಕೊಂಡಾಗಲೂ ತಿಳಿ ಬಣ್ಣದವರನ್ನೇ ಆರಿಸಿದರೆಂಬ ದೂರು ಎದ್ದಿತು. ಹೊರಗಿನ ಶ್ರೇಣಿ ಒಳಕ್ಕೂ ಇಳಿಯುತ್ತದೆ. ಮೆಟ್ಟಿಲು ಮೆಟ್ಟಿಲಾದ ಅಸಮಾನತೆಯ ಬಗ್ಗೆ ಅಂಬೇಡ್ಕರ್ ನಮಗೆ ಎಚ್ಚರಿಸಿದ್ದು ಇದನ್ನೇ ಅಲ್ಲವೆ?

ಇನ್ನೂ ಕಹಿಯಾದ ಒಂದು ಸಂಗತಿ ಇದೆ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಆಟ ಅಮೆರಿಕದಲ್ಲಿ ನೂರು ವರ್ಷ ನಡೆದಿತ್ತು. ಆ ಆಟ ಎಷ್ಟು ಗಟ್ಟಿಯಾಗಿ ಬೇರೂರಿತ್ತೆಂದರೆ, ಕಪ್ಪು ಹಾಸ್ಯಗಾರರೂ ಸುಟ್ಟ ಬಿರಡೆಯ ಮಸಿ ಬಳಿದುಕೊಂಡೇ ವೇದಿಕೆಗೆ ಬರಬೇಕಾಯಿತು. ಅಪೊಲೊದ ಜನಪ್ರಿಯ ಹಾಸ್ಯಗಾರ 'ಪಿಗ್‌ಮೀಟ್' ಮಾರ್ಕಮ್ 1940ರ ದಶಕದವರೆಗೂ ಹಾಗೇ ಬಂದ. ಕಪ್ಪು ಜನರ ಹಕ್ಕಿನ ಸಂಘಟನೆಗಳು ಒತ್ತಾಯ ಮಾಡಿದ ಮೇಲೆ ಅವನು ಮಸಿ ತೊಳೆದ. ತೊಳೆದಾಗ ಜನಕ್ಕೆ ಆಶ್ಚರ್ಯವಾಯಿತಂತೆ, ಅವನ ನಿಜವಾದ ಮೈಬಣ್ಣ ಬಳಿದ ಮಸಿಗಿಂತ ಕಪ್ಪಾಗಿತ್ತು! ನಮ್ಮ ಮುಖದ ಮೇಲೆ ಇನ್ನೊಬ್ಬರು ಬರೆದ ನಮ್ಮ ಚಿತ್ರವನ್ನೇ ಹೊತ್ತುಕೊಂಡು, ನಮ್ಮವರನ್ನೇ ನಗಿಸುವುದು. ನಮ್ಮ ಕಥೆ, ಸಿನಿಮಾ, ನಾಟಕಗಳಲ್ಲಿ ಮುಗ್ಧ ಜೀತದಾಳಿನ ಪಾತ್ರ ನೋಡಿದಾಗಲೆಲ್ಲ ನನಗೆ ಈ ಮಸಿಯ ನೆನಪು ಬರುತ್ತದೆ.

ಆದರೆ ಗ್ಯಾಲರಿ ಕಲಿಯಿತು. ಅದನ್ನು ಕಲಿಸಿದವರಲ್ಲಿ ಒಬ್ಬಳು 'ಮಾಮ್ಸ್' ಮೇಬ್ಲಿ. ಮನೆಯಲ್ಲಿ ಉಡುವ ಸಡಿಲ ಅಂಗಿ, ಜೋಲು ಟೋಪಿ, ಬೊಚ್ಚು ಬಾಯಿ, ಅಜ್ಜಿಯ ವೇಷ. 1939ರಲ್ಲಿ ಅಪೊಲೊ ವೇದಿಕೆ ಹತ್ತಿದ ಮೊದಲ ಹಾಸ್ಯಗಾರ್ತಿ ಅವಳು. ಅಜ್ಜಿಯ ವೇಷ ಇದ್ದುದರಿಂದ ಗಂಡಸರ ಬಗ್ಗೆ, ಮುದಿ ಗಂಡಂದಿರ ಬಗ್ಗೆ, ಬಿಳಿಯರ ದಕ್ಷಿಣದ ಬಗ್ಗೆ ಬಾಯಿಗೆ ಬಂದದ್ದೆಲ್ಲ ಆಡಲು ಅವಳಿಗೆ ದಾರಿಯಾಯಿತು. ಮಸಿಯ ವೇಷ ಜನರನ್ನು ಸಣ್ಣವರನ್ನಾಗಿಸಿದರೆ ಅಜ್ಜಿಯ ವೇಷ ಅವರ ಬಾಯಿ ಬಿಡಿಸಿತು. ವೇಷ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ.

5

ಇನ್ನು ಗಲ್ಲಾಪೆಟ್ಟಿಗೆ. 1935ರಲ್ಲಿ ಅಪೊಲೊ ಫ್ರಾಂಕ್ ಶಿಫ್‌ಮನ್ ಮತ್ತು ಲಿಯೊ ಬ್ರೆಕರ್ ಕೈಗೆ ಬಂತು. ಶಿಫ್‌ಮನ್ ಕುಟುಂಬ ನಾಲ್ಕು ದಶಕ ಅದನ್ನು ನಡೆಸಿತು. ದಿನಕ್ಕೆ ಹಲವು ಆಟ, ನಡುವೆ ಸಿನಿಮಾ, ವಾರವೆಲ್ಲ ದುಡಿತ. ಆ ಕಾಲಕ್ಕೆ ಕಪ್ಪು ಕಲಾವಿದರಿಗೆ ಇಷ್ಟು ನಿರಂತರವಾಗಿ ವೇದಿಕೆ ಕೊಟ್ಟವರು ವಿರಳ, ಅದನ್ನು ಒಪ್ಪಬೇಕು. ಆದರೆ ಶಿಫ್‌ಮನ್ ಪ್ರತಿಯೊಬ್ಬ ಕಲಾವಿದನ ಹೆಸರಲ್ಲೂ ಒಂದು ಕಾರ್ಡು ಇಟ್ಟಿದ್ದ. ಯಾವ ವಾರ ಬಂದರು, ಎಷ್ಟು ಕೊಟ್ಟೆ, ಆಟ ಹೇಗಿತ್ತು, ಮತ್ತೆ ಕರೆಯಬಹುದೆ ಎಂಬ ಟಿಪ್ಪಣಿಗಳು. ಆ ಕಾರ್ಡುಗಳು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿವೆ.

ಅಪೊಲೊದಲ್ಲಿ ಎರಡು ವಿಮರ್ಶೆಗಳಿದ್ದವು ಎಂದು ನಾನು ಹೇಳುವುದು ಇದಕ್ಕೇ. ಒಂದು ಅಟ್ಟದಿಂದ ಬಂದ ಕೂಗು, ಇನ್ನೊಂದು ಕಚೇರಿಯ ಕಾರ್ಡು. ಕೂಗು ಗಾಳಿಯಲ್ಲಿ ಹೋಯಿತು, ಕಾರ್ಡು ಸಂಗ್ರಹಾಲಯ ಸೇರಿತು. ಸಂಬಳ ನಿರ್ಧಾರವಾದದ್ದೂ ಕಾರ್ಡಿನಿಂದ, ಚರಿತ್ರೆಕಾರರು ಇಂದು ಓದುವುದೂ ಕಾರ್ಡನ್ನೇ. ಬರೆದಿಡುವ ಅಧಿಕಾರ ಯಾರಿಗಿತ್ತೋ ಅವರ ಅಭಿಪ್ರಾಯ ದಾಖಲೆಯಾಗುತ್ತದೆ. ನಮ್ಮ ತಾತನ ಜಗುಲಿಯ ಮಾತಿಗೆ ಕಾರ್ಡು ಇರಲಿಲ್ಲ.

ಪೊಲೀಸರ ಕೈಯಲ್ಲಿ ಇನ್ನೊಂದು ಕಾರ್ಡಿತ್ತು. ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಬೇಕಾದರೆ ನ್ಯೂಯಾರ್ಕಿನಲ್ಲಿ ಪರವಾನಗಿ ಕಾರ್ಡು ಬೇಕು. 1947ರಲ್ಲಿ ಮಾದಕ ವಸ್ತುವಿನ ಮೊಕದ್ದಮೆಯಲ್ಲಿ ಜೈಲಿಗೆ ಹೋದ ಬಿಲ್ಲಿ ಹಾಲಿಡೇ ಆ ಕಾರ್ಡು ಕಳೆದುಕೊಂಡಳು. ಮರಕ್ಕೆ ನೇತುಹಾಕಿ ಕೊಂದ ಕಪ್ಪು ಜನರ ಹೆಣಗಳನ್ನು ಕುರಿತ ಹಾಡನ್ನು 1939ರಿಂದ ಹಾಡುತ್ತ ಬಂದವಳು ಅವಳು. ಕ್ಲಬ್ಬುಗಳ ಬಾಗಿಲು ಮುಚ್ಚಿದಾಗ ಥಿಯೇಟರುಗಳಷ್ಟೇ ಉಳಿದವು. ಅಪೊಲೊದ ಜನ ಅವಳನ್ನು ಕಾರ್ಡು ಕೇಳಲಿಲ್ಲ.

ಈ ಲೆಕ್ಕವನ್ನು ತಿರುಗಿಸಲು ನೋಡಿದವನು ಜೇಮ್ಸ್ ಬ್ರೌನ್. ಅಪೊಲೊದ ಜನರ ಕೂಗಿನ ಸಮೇತ ತನ್ನ ಹಾಡು ಮುದ್ರಿಸಬೇಕೆಂದು ಅವನು ತನ್ನ ಧ್ವನಿಮುದ್ರಣ ಕಂಪನಿಯ ಒಡೆಯನನ್ನು ಕೇಳಿದ. ಎಲ್ಲರಿಗೂ ಗೊತ್ತಿರುವ ಹಾಡು, ಜೊತೆಗೆ ಗದ್ದಲ ಬೇರೆ, ಯಾರು ಕೊಳ್ಳುತ್ತಾರೆ ಎಂದು ಒಡೆಯ ದುಡ್ಡು ಹಾಕಲಿಲ್ಲ. ಬ್ರೌನ್ ಸುಮಾರು 5,700 ಡಾಲರು ತನ್ನ ಕೈಯಿಂದ ಹಾಕಿ 1962ರ ಅಕ್ಟೋಬರ್ 24ರಂದು, ಒಂದು ಬುಧವಾರ, ಮುದ್ರಿಸಿದ. 1963ರಲ್ಲಿ ಹೊರಬಂದ ಆ ತಟ್ಟೆ 66 ವಾರ ಅಮೆರಿಕದ ಜನಪ್ರಿಯ ಸಂಗೀತದ ಪಟ್ಟಿಯಲ್ಲಿ ನಿಂತಿತು, ಎರಡನೇ ಸ್ಥಾನದವರೆಗೂ ಏರಿತು. ಒಡೆಯ ಗದ್ದಲ ಅಂದದ್ದೇ ಅದರ ಜೀವವಾಗಿತ್ತು. ಗಾಳಿಗೆ ಹೋಗುತ್ತಿದ್ದ ಗ್ಯಾಲರಿಯ ವಿಮರ್ಶೆ ಅವತ್ತು ದಾಖಲೆಯಾಯಿತು. ನಮ್ಮ ಹಾಸ್ಟೆಲಿಗೆ ಬಂದು ಮುಟ್ಟಿದ್ದು ಅದೇ. ಅವನೇನೂ ದೇವರಲ್ಲ. 1968ರಲ್ಲಿ ಕಪ್ಪು ಬಣ್ಣದ ಹೆಮ್ಮೆಯನ್ನು ಹಾಡಾಗಿಸಿದವನು 1972ರಲ್ಲಿ ನಿಕ್ಸನ್ ಪರ ನಿಂತ. ನಮ್ಮಲ್ಲೂ ಇಂಥವರು ಬೇಕಾದಷ್ಟು ಇದ್ದಾರೆ, ಹೆಸರು ಬೇಡ.

6

ಎಲ್ಲ ಬಾಗಿಲುಗಳೂ ತೆರೆದ ಮೇಲೆ ಅಪೊಲೊಗೇ ಕಷ್ಟ ಬಂತು. ದೊಡ್ಡ ತಾರೆಗಳು ದೊಡ್ಡ ಮೈದಾನಗಳಿಗೆ ಹೋದರು, 1,500 ಸೀಟಿನ ಥಿಯೇಟರು ಅವರ ಸಂಭಾವನೆ ಕೊಡಲಾರದಾಯಿತು. 1970ರ ದಶಕದ ನಡುವೆ ಬಾಗಿಲು ಹಾಕಿತು. ಇದೇ ಪರಂಪರೆಯ ಬಾಲ್ಟಿಮೋರಿನ ರಾಯಲ್, ಶಿಕಾಗೋದ ರೀಗಲ್ ನೆಲಸಮವಾದವು. ಅಪೊಲೊ ಉಳಿದದ್ದು ಪರ್ಸಿ ಸಟನ್ 1981ರಲ್ಲಿ ಕೊಂಡುಕೊಂಡದ್ದರಿಂದ. ಸಟನ್ ಕಪ್ಪು ಜನರ ನಾಯಕ, ಮಾಲ್ಕಮ್ ಎಕ್ಸ್ ಅವರ ವಕೀಲರಾಗಿದ್ದವರು. ಮಾಲ್ಕಮ್ ಭಾಷಣ ಮಾಡುತ್ತಿದ್ದ ಬೀದಿಯ ಮೂಲೆ ಥಿಯೇಟರಿಗೆ ಕೂಗಳತೆ ದೂರ. ಬಾಗಿಲು ತೆರೆದು 47 ವರ್ಷಗಳಾದ ಮೇಲೆ ಗಲ್ಲಾ ಸಟನ್ ಕೈಗೆ ಬಂತು. 1983ರಲ್ಲಿ ಅದು ಸಂರಕ್ಷಿತ ಕಟ್ಟಡವಾಯಿತು. ನಷ್ಟ ತಾಳಲಾರದೆ 1991ರಲ್ಲಿ ನ್ಯೂಯಾರ್ಕ್ ರಾಜ್ಯ ಸರ್ಕಾರದ ಆಸ್ತಿಯಾಯಿತು, ಲಾಭರಹಿತ ಪ್ರತಿಷ್ಠಾನವೊಂದು ಅದನ್ನು ನಡೆಸುತ್ತಿದೆ. 2006ರ ಡಿಸೆಂಬರ್ 28ರಂದು ಜೇಮ್ಸ್ ಬ್ರೌನ್‌ನ ದೇಹವನ್ನು ಬಿಳಿ ಕುದುರೆಗಳ ಗಾಡಿಯಲ್ಲಿ ತಂದು ಅದೇ ವೇದಿಕೆಯ ಮೇಲೆ ಇಟ್ಟಾಗ ಸಾವಿರಾರು ಜನ ಸಾಲುಗಟ್ಟಿ ಬಂದು ನೋಡಿದರು. 2024ರಲ್ಲಿ ದೇಶದ ದೊಡ್ಡ ಕಲಾಗೌರವವಾದ ಕೆನೆಡಿ ಸೆಂಟರ್ ಗೌರವ ಅಪೊಲೊಗೆ ಬಂತು. ಈ ನಡುವೆ 2008ರಲ್ಲಿ ನಗರಾಡಳಿತ 125ನೇ ಬೀದಿಯಲ್ಲಿ ಎತ್ತರದ ಕಟ್ಟಡಗಳಿಗೆ ದಾರಿ ಮಾಡಿಕೊಟ್ಟಿತು. ಗ್ಯಾಲರಿ ತುಂಬುತ್ತಿದ್ದ ಜನರಿಗೆ ಹಾರ್ಲೆಮ್‌ನ ಬಾಡಿಗೆ ಕೈಗೆಟುಕದಾಗುತ್ತಿದೆ. ಕಟ್ಟಡ ಉಳಿದು ಕೇರಿ ಹೋದರೆ ಬುಧವಾರ ರಾತ್ರಿ ಕೂಗುವವರು ಯಾರು?

ಗೆಳೆಯರೇ, ಇಷ್ಟು ದೂರದ ಚರಿತ್ರೆ ಹೇಳಿದ್ದು ಮೂರು ಪ್ರಶ್ನೆಗಳಿಗಾಗಿ. ಕೃತಿಯೊಂದು ಎದುರು ಬಂದಾಗ ನಾವು ಅದರ ಶಿಲ್ಪ, ಭಾಷೆ, ಸಂವೇದನೆ ಎಲ್ಲವನ್ನೂ ನೋಡೋಣ, ಬೇಡ ಅಂದವರಾರು? ಆದರೆ ಅದರ ಜೊತೆಗೇ ಕೇಳಬೇಕು: ಬಾಗಿಲಲ್ಲಿ ಯಾರನ್ನು ತಡೆದರು? ಗ್ಯಾಲರಿ ಏನಂತು? ಗಲ್ಲಾ ಯಾರ ಕೈಯಲ್ಲಿದೆ? ದಲಿತ ಕವಿ ವೇದಿಕೆಗೆ ಬಂದಾಯಿತು ಎಂದು ಸಂಭ್ರಮಿಸಿ ಸುಮ್ಮನಾಗುವವರು ಕಾಟನ್ ಕ್ಲಬ್ಬನ್ನು ನೆನಪಿಡಲಿ. ನಮ್ಮವರು ಏನು ಬರೆದರೂ ಚಪ್ಪಾಳೆ ಎನ್ನುವವರು ಹದ್ದುಗಳ ಗೂಡನ್ನು ನೆನಪಿಡಲಿ. ಅಲ್ಲಿಯವರು ತಮ್ಮವರನ್ನೇ ಹೆಚ್ಚು ಕಠಿಣವಾಗಿ ನೋಡಿದರು, ಯಾಕೆಂದರೆ ಆ ವೇದಿಕೆ ತಮ್ಮದು ಅಂದುಕೊಂಡಿದ್ದರು.

ಇನ್ನು ಬರೆದಿಡುವ ಕೆಲಸ. ನಮ್ಮ ತಾತ ತೀರಿಕೊಂಡಾಗ ಅವನ ತಮಟೆ ನಮ್ಮಪ್ಪನಿಗೆ ಬಂತು. ಅವನ ಮಾತುಗಳಲ್ಲಿ ನನಗೆ ನೆನಪಿರುವುದು ನಾಲ್ಕೋ ಐದೋ. ಪ್ರತಿ ಕೇರಿಯಲ್ಲೂ ಅಂಥ ಒಬ್ಬ ಇದ್ದ. ಇರುವವರನ್ನಾದರೂ ಕೇಳಿ ಬರೆದುಕೊಳ್ಳಿ ಎಂದು ವಿದ್ಯಾರ್ಥಿ ಮಿತ್ರರನ್ನು ಕೇಳಿಕೊಳ್ಳುತ್ತೇನೆ.